ಹಳೇ ಬಳ್ಳಿಯ ಎಂಟು ಫಸಲು: ಒಂದು ಬಿಳಿ ಬರ್ಗಂಡಿಯನ್ನು ವರ್ಷಕ್ಕೆ ವರ್ಷ ಹೋಲಿಸಿ ನೋಡಿದ ನನ್ನ ಅನುಭವ

ಈ ಕೆಲಸಕ್ಕೆ ನನ್ನನ್ನು ಹಚ್ಚಿದ್ದು ನಮ್ಮಪ್ಪ ಕೇಳಿದ ಒಂದು ಪ್ರಶ್ನೆ. ದೇವನಹಳ್ಳಿ ಕಡೆಯ ನಮ್ಮ ತೋಟದಲ್ಲಿ ಅವರು ಕಲ್ಲುಕಂಬದ ಚಪ್ಪರದ ಮೇಲೆ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ನಲವತ್ತು ವರ್ಷ ಬೆಳೆದವರು. ವರ್ಷಕ್ಕೆ ಎರಡು ಸಲ ಬಳ್ಳಿಗೆ ಕತ್ತರಿ ಹಾಕಿ, ಎರಡು ಫಸಲು ತೆಗೆದು, ಒಂದೊಂದು ಬಳ್ಳಿಯಿಂದ ಹತ್ತಾರು ಕೆ.ಜಿ. ಹಣ್ಣು ಇಳಿಸಿದವರು. ನಾನು ಫ್ರಾನ್ಸಿನ ಲಿಯಾನ್ ನಗರದ ಒಂದು ರೆಸ್ಟೋರೆಂಟಿನಲ್ಲಿ ವೈನ್ ಕೊಳ್ಳುವ, ಕಾಪಿಡುವ, ಬಡಿಸುವ ಹೊಣೆ ಹೊತ್ತವಳು. ಅಲ್ಲಿಂದ ಉತ್ತರಕ್ಕೆ ಸುಮಾರು 70 ಕಿ.ಮೀ. ಹೋದರೆ ಮಾಕೋನ್ ಪಟ್ಟಣ. ಅದರ ಪಕ್ಕದ ಗುಡ್ಡಗಳಲ್ಲಿ, ಬರ್ಗಂಡಿ ಪ್ರಾಂತ್ಯಕ್ಕೆ ಸೇರಿದ ಪುಯಿ-ಫುಯಿಸೆ ಎಂಬ ಬಿಳಿ ವೈನಿನ ಸೀಮೆ. ಅಲ್ಲಿನ ಬೆಳೆಗಾರರೊಬ್ಬರ ಹೊಲದಲ್ಲಿ ಎಪ್ಪತ್ತು ವರ್ಷ ದಾಟಿದ, ಶಾರ್ಡನೆ ಎಂಬ ಬಿಳಿ ದ್ರಾಕ್ಷಿ ತಳಿಯ ಬಳ್ಳಿಗಳ ಚಿತ್ರ ತೆಗೆದು ಅಪ್ಪನಿಗೆ ಕಳಿಸಿದ್ದೆ. ಒಂದು ಬಳ್ಳಿಗೆ ಎಷ್ಟು ಬರುತ್ತದೆ ಎಂದು ಕೇಳಿದರು. ಬೆಳೆಗಾರರು ಹೇಳಿದ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕಿದೆ: ಹೆಕ್ಟೇರಿಗೆ ಸುಮಾರು 8,000 ಬಳ್ಳಿ, ಆ ಹಳೆಯ ತುಂಡಿನಲ್ಲಿ ಹೆಕ್ಟೇರಿಗೆ ಸುಮಾರು 3,500 ಲೀಟರ್ ವೈನ್, ಅಂದರೆ ಬಳ್ಳಿಯೊಂದಕ್ಕೆ ಅರ್ಧ ಲೀಟರಿಗೂ ಕಡಿಮೆ. ಒಂದು ಬಾಟಲಿಯೂ ತುಂಬುವುದಿಲ್ಲ. “ಅಷ್ಟಕ್ಕೆ ಯಾಕಮ್ಮ ಇಟ್ಟುಕೊಂಡಿದ್ದಾರೆ? ಕಿತ್ತು ಹೊಸದು ನೆಡಬಾರದಾ?” ಎಂದರು ಅಪ್ಪ.

ಹಳೆಯ ಬಳ್ಳಿಯ ವೈನ್ ಎಂದು ಹೇಳಿ ಎಷ್ಟೋ ಜನರಿಗೆ ಬಡಿಸಿದ್ದ ನನಗೆ ಆ ಪ್ರಶ್ನೆಗೆ ಉತ್ತರ ತಿಳಿದಿರಲಿಲ್ಲ. ಓದಿದ್ದು, ಕೇಳಿದ್ದು ಇತ್ತು. ನನ್ನ ನಾಲಗೆಯೇ ಪರೀಕ್ಷಿಸಿ ಒಪ್ಪಿದ್ದು ಇರಲಿಲ್ಲ. ಅದಕ್ಕಾಗಿ ಒಂದೇ ಹೊಲದ, ಒಂದೇ ಕುಟುಂಬದ ಕೈಯಲ್ಲಿ ತಯಾರಾದ ವೈನನ್ನು ಬೇರೆ ಬೇರೆ ವರ್ಷಗಳಿಂದ ಕೂಡಿಸಿ ಒಟ್ಟಿಗೆ ರುಚಿ ನೋಡಬೇಕೆಂದು ನಿಶ್ಚಯಿಸಿದೆ. ಬಾಟಲಿಗಳನ್ನು ಕೂಡಿಸಲು ಆರು ವರ್ಷ ಹಿಡಿಯಿತು. 2024ರ ಮಾರ್ಚಿನಲ್ಲಿ, ರೆಸ್ಟೋರೆಂಟಿಗೆ ರಜೆಯಿದ್ದ ಒಂದು ಸೋಮವಾರ, ಮೂವರು ಸಹೋದ್ಯೋಗಿಗಳೊಂದಿಗೆ ಕುಳಿತು 2003, 2005, 2008, 2010, 2014, 2015, 2017 ಮತ್ತು 2019ರ ಫಸಲುಗಳನ್ನು ನೋಡಿದೆ.

ಮೊದಲು ಬಳ್ಳಿಯ ವಿಚಾರ. ಬಾಟಲಿಯ ಚೀಟಿಯ ಮೇಲೆ ‘ವಿಯೆಯ್ ವೀನ್ಯ’, ಅಂದರೆ ಹಳೆಯ ಬಳ್ಳಿಗಳು ಎಂದು ಬರೆಯುವುದಕ್ಕೆ ಫ್ರೆಂಚ್ ಕಾನೂನಿನಲ್ಲಿ ಯಾವ ವಯಸ್ಸಿನ ಮಿತಿಯೂ ಇಲ್ಲ. ಮೂವತ್ತು ವರ್ಷದ ಬಳ್ಳಿಗೂ ಹಾಗೆ ಬರೆಯಬಹುದು, ತೊಂಬತ್ತು ವರ್ಷದ್ದಕ್ಕೂ ಬರೆಯಬಹುದು. ಆದ್ದರಿಂದ ಆ ಮಾತನ್ನು ನಂಬುವ ಮೊದಲು ಹೊಲಕ್ಕೆ ಹೋಗಿ ನೋಡುವುದು ನನ್ನ ರೂಢಿ. ಫೆಬ್ರವರಿಯ ಚಳಿಯಲ್ಲಿ, ಎಲೆಯೆಲ್ಲ ಉದುರಿ ಬರೀ ಕಾಂಡ ನಿಂತಿರುವಾಗ, ಸೊಲ್ಯುತ್ರೆ ಬಂಡೆಯ ನೆರಳು ಬೀಳುವ ಆ ಇಳಿಜಾರಿನಲ್ಲಿ ಸಾಲು ಸಾಲಾಗಿ ನಡೆದೆ. ಮೊಣಕಾಲೆತ್ತರದ ಮೋಟು ಕಾಂಡಗಳು, ತೊಡೆಯಷ್ಟು ದಪ್ಪ, ಒಂದು ಮಗ್ಗುಲು ಟೊಳ್ಳು. ಪ್ರತಿಯೊಂದರಿಂದಲೂ ಒಂದೇ ಕಡ್ಡಿಯನ್ನು ಬಿಲ್ಲಿನಂತೆ ಬಾಗಿಸಿ ತಂತಿಗೆ ಕಟ್ಟಿದ್ದರು. ಮಾಕೋನ್ ಸೀಮೆಯ ಪದ್ಧತಿ ಅದು. ನಡುನಡುವೆ ಖಾಲಿ ಜಾಗ, ಅಲ್ಲಲ್ಲಿ ಪೆನ್ಸಿಲ್ ದಪ್ಪದ ಎಳೆ ಸಸಿ. ಕಾಂಡ ಕೊಳೆಯುವ ಶಿಲೀಂಧ್ರ ರೋಗದಿಂದ ಪ್ರತಿವರ್ಷ ಕೆಲವು ಬಳ್ಳಿ ಸಾಯುತ್ತವೆ, ಸತ್ತ ಜಾಗದಲ್ಲಿ ಒಂದೊಂದೇ ಸಸಿ ನೆಡುತ್ತಾರೆ. ಹಾಗಾಗಿ ‘ಎಪ್ಪತ್ತು ವರ್ಷದ ಹೊಲ’ ಎಂದರೆ ಅಲ್ಲಿರುವ ಪ್ರತಿ ಬಳ್ಳಿಗೂ ಎಪ್ಪತ್ತಾಗಿದೆ ಎಂದಲ್ಲ. ಉಳಿದ ಹಳೆಯವುಗಳಲ್ಲೂ ಎಲೆ ಹಳದಿಗೂಡಿಸುವ ವೈರಸ್ ಇದೆ. ಮಣ್ಣಿನ ಜಂತುಹುಳುಗಳು ಹರಡುವ ಈ ರೋಗದಿಂದ ಕಾಯಿ ಸರಿಯಾಗಿ ಕಚ್ಚದೆ ಗೊಂಚಲು ಬಿಡಿಬಿಡಿಯಾಗುತ್ತದೆ, ಕಾಳು ಸಣ್ಣದಾಗುತ್ತದೆ. ಹಳೆಯ ಬಳ್ಳಿಯ ರಸ ದಟ್ಟವಾಗಿರುವುದಕ್ಕೆ ವಯಸ್ಸಿನ ಜೊತೆಗೆ ಈ ಕಾಯಿಲೆಯ ಪಾಲೂ ಇದೆ ಎಂಬುದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಹೇಳಬೇಕು ಎಂದು ನನಗನಿಸುತ್ತದೆ.

ಬೇರಿನ ವಿಷಯವನ್ನು ಅಪ್ಪನಿಗೆ ವಿವರಿಸುವುದು ಸುಲಭವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫಿಲೊಕ್ಸೆರಾ ಎಂಬ ಹುಳ ಬರ್ಗಂಡಿಯ ತೋಟಗಳ ಬೇರು ತಿಂದು ಹಾಕಿದ ಮೇಲೆ ಅಲ್ಲಿನವರು ಅಮೆರಿಕದ ಬಳ್ಳಿಯ ಬೇರಿಗೆ ತಮ್ಮ ತಳಿಯನ್ನು ಕಸಿ ಕಟ್ಟಲು ಕಲಿತರು. ನಮ್ಮ ಕಡೆ ಡಾಗ್‌ರಿಡ್ಜ್ ಬಳ್ಳಿಯ ಬೇರಿಗೆ ಥಾಮ್ಸನ್ ದ್ರಾಕ್ಷಿಯನ್ನು ಕಸಿ ಮಾಡುತ್ತಾರಲ್ಲ, ಹಾಗೆಯೇ. ದೊಡ್ಡ ವ್ಯತ್ಯಾಸವೆಂದರೆ ನೀರು. ನಮ್ಮಲ್ಲಿ ಬೋರ್‌ವೆಲ್ ಬತ್ತಿದರೆ ತೋಟ ಹೋಯಿತು. ಅಲ್ಲಿ ಹನಿ ನೀರಾವರಿ ಇಲ್ಲ, ಆಕಾಶ ಕೊಟ್ಟಷ್ಟೇ. ಜೇಡಿ ಬೆರೆತ ತೆಳು ಮಣ್ಣು, ಅದರಡಿಗೆ ಕಡಲಜೀವಿಗಳ ಅವಶೇಷ ತುಂಬಿದ ಜುರಾಸಿಕ್ ಕಾಲದ ಸುಣ್ಣಕಲ್ಲು. ಬಳ್ಳಿ ಆ ಕಲ್ಲಿನ ಬಿರುಕುಗಳಲ್ಲಿ ಇಳಿಯಬೇಕು.

ಇಲ್ಲಿ ನನ್ನ ಮೊದಲ ಪ್ರಯತ್ನ ಕೆಟ್ಟದ್ದನ್ನು ಹೇಳಬೇಕು, ಏಕೆಂದರೆ ಎರಡನೆಯದರ ಕಟ್ಟುಪಾಡುಗಳೆಲ್ಲ ಅದರಿಂದಲೇ ಬಂದವು. 2019ರಲ್ಲಿ ಇದೇ ವೈನಿನ ಐದು ವರ್ಷಗಳನ್ನು ಫ್ರಿಜ್‌ನಿಂದ ನೇರವಾಗಿ ತೆಗೆದು, ಚೀಟಿ ನೋಡುತ್ತಲೇ, ಚಿಕ್ಕದರಿಂದ ಹಿರಿಯದಕ್ಕೆ ಸಾಲಾಗಿ ರುಚಿ ನೋಡಿದ್ದೆ. ಆರು ಡಿಗ್ರಿಯ ತಣುಪಿನಲ್ಲಿ ಎಲ್ಲವೂ ನಿಂಬೆಹುಳಿಯಾಗಿ ಒಂದೇ ಥರ ಕಂಡವು. ಹೆಸರಾಂತ ವರ್ಷದ ಬಾಟಲಿಗೆ ನಾನು ಬರೆದ ಟಿಪ್ಪಣಿ ಉದ್ದವಾಗಿತ್ತು, ಹೆಸರಿಲ್ಲದ ವರ್ಷದ್ದು ಎರಡೇ ಸಾಲು. ಅಂದು ನಾನು ಚೀಟಿಯನ್ನು ಓದಿದ್ದೆನೇ ಹೊರತು ಗ್ಲಾಸನ್ನಲ್ಲ. ಅದಕ್ಕಿಂತ ದೊಡ್ಡ ತಪ್ಪು ನಂತರ ಹೊಳೆಯಿತು: ಹಳೆಯ ಬಳ್ಳಿಯ ವೈನುಗಳನ್ನಷ್ಟೇ ಒಂದರ ಪಕ್ಕ ಒಂದಿಟ್ಟರೆ ವರ್ಷಗಳ ಅಂತರ ತಿಳಿಯುತ್ತದೆ, ಬಳ್ಳಿಯ ವಯಸ್ಸು ಏನು ಮಾಡಿತೆಂಬುದು ತಿಳಿಯುವುದಿಲ್ಲ. ಅದು ತಿಳಿಯಬೇಕಾದರೆ ಅದೇ ವರ್ಷದ, ಅದೇ ಇಳಿಜಾರಿನ ಎಳೆಯ ಬಳ್ಳಿಯ ವೈನ್ ಪಕ್ಕದಲ್ಲಿರಬೇಕು. ಆ ಬೆಳೆಗಾರರು ಅದೇ ಗುಡ್ಡದ ಕೆಳತುದಿಯಲ್ಲಿ 1998ರಲ್ಲಿ ನೆಟ್ಟ ತುಂಡಿನಿಂದ ಬೇರೊಂದು ವೈನ್ ಮಾಡುತ್ತಾರೆ. ಅದರ 2014 ಮತ್ತು 2015ನ್ನು ತಂದು ಸೇರಿಸಿದೆ. ಹೀಗೆ ಮೇಜಿನ ಮೇಲೆ ಬಂದದ್ದು ಹತ್ತು ವೈನ್.

ಬಾಟಲಿಗಳನ್ನು ಎರಡು ದಿನ ಮುಂಚೆ ನೆಟ್ಟಗೆ ನಿಲ್ಲಿಸಿದೆ, ತಳದ ಗಸಿ ಇಳಿಯಲೆಂದು. ನೆಲಮಾಳಿಗೆಯ 12 ಡಿಗ್ರಿಯಲ್ಲಿದ್ದುದನ್ನು ಅದೇ ತಂಪಿನಲ್ಲಿ ತಂದು ಬಿರಡೆ ತೆಗೆದೆವು. ಗ್ಲಾಸಿನಲ್ಲಿ 14ಕ್ಕೆ ಏರುವವರೆಗೆ ಕಾದು ಮತ್ತೆ ನೋಡಿದೆವು. ಎಲ್ಲರಿಗೂ ಒಂದೇ ಮಾದರಿಯ ಗ್ಲಾಸು, ಪ್ರತಿಯೊಂದಕ್ಕೂ 50 ಮಿ.ಲೀ., ಪಕ್ಕದಲ್ಲಿ ಉಗುಳುವ ಪಾತ್ರೆ. ಹತ್ತು ವೈನನ್ನು ನುಂಗುತ್ತ ಹೋದರೆ ಐದನೆಯದರ ನಂತರ ಬರೆದ ಮಾತಿಗೆ ಬೆಲೆಯಿಲ್ಲ. ರುಚಿ ನೋಡಲು ಕೂರದ ನಮ್ಮ ಅಡುಗೆಮನೆಯ ಹುಡುಗನೊಬ್ಬ ಬಾಟಲಿಗಳನ್ನು ಕಂದು ಕಾಗದದ ಚೀಲದಲ್ಲಿ ಮುಚ್ಚಿ, ತನಗೆ ತೋಚಿದ ಕ್ರಮದಲ್ಲಿ ಅಂಕಿ ಬರೆದ. ಬಿಳಿ ವೈನಿಗೆ ವಯಸ್ಸಾದಂತೆ ಬಣ್ಣ ಹುಲ್ಲಿನಿಂದ ಚಿನ್ನಕ್ಕೆ ತಿರುಗುವುದರಿಂದ ಕಣ್ಣು ನೋಡಿಯೇ ತೀರ್ಪು ಕೊಟ್ಟುಬಿಡುತ್ತದೆ; ಅದಕ್ಕಾಗಿ ಮೊದಲ ಸುತ್ತನ್ನು ದೀಪ ಮಂದಮಾಡಿ ನಡೆಸಿದೆವು. ಅಂಕ ಕೊಡಬಾರದೆಂದು ಮೊದಲೇ ಒಪ್ಪಂದ. ಅಂಕದ ಬದಲು ಕಾಗದವನ್ನು ಮೂರು ಪಟ್ಟಿಯಾಗಿ ಗೆರೆ ಎಳೆದುಕೊಂಡೆವು: ಇದು ವರ್ಷದ ಗುಣವೇ, ಹೊಲದ ಗುಣವೇ, ಅಥವಾ ಈ ಒಂದು ಬಾಟಲಿಯದ್ದೇ. ಉಗುಳಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆಂದು ಸೆಕೆಂಡುಗಳಲ್ಲಿ ಎಣಿಸಿದೆವು. ಫ್ರೆಂಚರು ಹೀಗೆ ನಿಲ್ಲುವ ಒಂದು ಸೆಕೆಂಡನ್ನು ‘ಕೊದಾಲಿ’ ಎನ್ನುತ್ತಾರೆ. ನನ್ನ ಟಿಪ್ಪಣಿಯನ್ನು ನಾನು ಕನ್ನಡದಲ್ಲೇ ಬರೆದೆ. ಶಾಲೆಯಲ್ಲಿ ಕಲಿತ ಫ್ರೆಂಚ್ ಪದಗಳು ಕೈಗೆ ಸಲೀಸಾಗಿ ಬರುತ್ತವೆ, ಆದರೆ ಹಾಥಾರ್ನ್ ಹೂವನ್ನಾಗಲಿ ನಿಂಬೆ ವರ್ಬೀನಾವನ್ನಾಗಲಿ ನಾನು ಬಾಲ್ಯದಲ್ಲಿ ಮೂಸಿದವಳಲ್ಲ. ಹೆರಳೆಕಾಯಿ ಸಿಪ್ಪೆ, ಜೇನುಮೇಣ, ತುಪ್ಪ ಕಾಯಿಸುವಾಗಿನ ವಾಸನೆ ನನ್ನ ಮೂಗಿಗೆ ತಪ್ಪುವುದಿಲ್ಲ.

ಮೊದಲ ಚೀಲದಲ್ಲೇ ತೊಂದರೆ. ಒದ್ದೆ ಗೋಣಿಚೀಲದ ಮುಗ್ಗಲು ವಾಸನೆ, ಹಣ್ಣಿನ ಸುಳಿವೇ ಇಲ್ಲ. ಬಿರಡೆಯಲ್ಲಿ ಸೇರಿಕೊಳ್ಳುವ ಟ್ರೈಕ್ಲೋರೊಅನಿಸೋಲ್ ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ವೈನನ್ನು ಹೀಗೆ ಮೂಕವಾಗಿಸುತ್ತದೆ. ಬದಲಿ ಬಾಟಲಿ ತೆಗೆಸಿದೆವು. ಅದು 2017 ಎಂದು ಆಮೇಲೆ ತಿಳಿಯಿತು. ಸೌಮ್ಯವಾದ, ಹದವಾದ ವೈನ್, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 2019 ಇನ್ನೂ ಬಿಗಿಯಾಗಿದೆ, ಆ ವರ್ಷದ ಬಿಸಿಲಿನ ದಟ್ಟತೆ ಇದ್ದೂ ಹುಳಿ ಕೈಬಿಟ್ಟಿಲ್ಲ. ನಾನು ತೆರೆದದ್ದು ಅವಸರವಾಯಿತು.

ನಾನು ತುಂಬಾ ಹೊತ್ತು ನಿಂತದ್ದು ಏಳನೆಯ ಚೀಲದ ಮುಂದೆ. ಮೂಗಿಗೆ ಮೊದಲು ಬಂದದ್ದು ಬೆಂಕಿಕಡ್ಡಿ ಗೀರಿದ ಕ್ಷಣದ ವಾಸನೆ, ಗ್ಲಾಸು ತಿರುಗಿಸಿದಂತೆ ಅದು ಕರಗಿ ಹೆರಳೆಕಾಯಿ ಸಿಪ್ಪೆ, ಅದರ ಹಿಂದೆ ಹಸಿ ಬಾದಾಮಿ. ಬಾಯಲ್ಲಿ ಹುಳಿ ಚುಚ್ಚುವುದಿಲ್ಲ, ನಾಲಗೆಯ ಎರಡೂ ಅಂಚಿನಲ್ಲಿ ನೂಲು ಹಿಡಿದಂತೆ ಕೊನೆಯವರೆಗೂ ಹೋಗುತ್ತದೆ. ನಡುವೆ ರುಚಿಗೆ ಮೈ, ಅಂದರೆ ತುಂಬುತನ, ಇದೆ, ಕೊನೆಯಲ್ಲಿ ಎಳೆ ನೆಲ್ಲಿಕಾಯಿ ತಿಂದಂಥ ತುಸು ಒಗರು, ಆಮೇಲೆ ಬಾಯಲ್ಲಿ ನೀರೂರುತ್ತದೆ. ಎಣಿಸಿದಾಗ ನನಗೆ 14 ಸೆಕೆಂಡು ಬಂತು. ಇದು 2014 ಇರಬೇಕೆಂದು ಮೂವರೂ ಬರೆದರು, ನಾನೂ ಬರೆದೆ. ತಂಪಾದ, ಮಳೆ ಹಿಡಿದ ಆಗಸ್ಟ್ ಕಳೆದು ಸೆಪ್ಟೆಂಬರಿನಲ್ಲಿ ಬಿಸಿಲು ಬಿದ್ದ ಆ ವರ್ಷ ಬಿಳಿ ಬರ್ಗಂಡಿಗೆ ಹೆಸರಾದದ್ದು. ಚೀಲ ತೆಗೆದರೆ 2010. ಆ ವರ್ಷ ಹೂವು ಸರಿಯಾಗಿ ಕಚ್ಚದೆ ಫಸಲು ಕಡಿಮೆಯಾಗಿ, ಕಾಳು ಸಣ್ಣದಾಗಿ, ಹುಳಿಯೂ ದಟ್ಟತೆಯೂ ಒಟ್ಟಿಗೆ ಉಳಿದಿದ್ದವು. ಹದಿನಾಲ್ಕು ವರ್ಷದ ವೈನನ್ನು ಹತ್ತು ವರ್ಷದ್ದೆಂದು ನಾವು ನಾಲ್ವರೂ ನಂಬಿದೆವು. 2014 ಬೇರೆ ಚೀಲದಲ್ಲಿತ್ತು, ಹೆಚ್ಚು ನೇರ, ಮೈ ಕಡಿಮೆ, ಸುಣ್ಣಕಲ್ಲನ್ನು ಒಡೆದಾಗ ಏಳುವ ಧೂಳಿನ ನೆನಪು ತರುವಂಥದ್ದು. ಎರಡರಲ್ಲಿ ಒಂದನ್ನು ಆರಿಸು ಎಂದರೆ ಇವತ್ತಿಗೆ ನಾನು 2010ನ್ನು ಆರಿಸುತ್ತೇನೆ.

2008ನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಬೇಸಿಗೆಯೆಲ್ಲ ಮೋಡ ಮುಸುಕಿ, ಕೊನೆಗೆ ಸೆಪ್ಟೆಂಬರಿನ ಉತ್ತರದ ಗಾಳಿ ಹಣ್ಣನ್ನು ಒಣಗಿಸಿ ಉಳಿಸಿದ ವರ್ಷ ಅದು. ಹೊಸದರಲ್ಲಿ ಅದರ ಹುಳಿ ಹಲ್ಲು ಚಳಿಯುವಷ್ಟಿತ್ತು. ಈಗ ಆ ಹುಳಿಯ ಮೇಲೆ ಕಾಯಿಸಿದ ಬೆಣ್ಣೆಯ ಘಮ ಬಂದು ಕುಳಿತಿದೆ, ತುಪ್ಪ ಇಳಿಸುವ ಹೊತ್ತಿಗೆ ತಳದ ಗಸಿ ಕೆಂಪಾಗುತ್ತದಲ್ಲ, ಆ ಘಮ.

ಇನ್ನು 2005. ಆ ವರ್ಷಕ್ಕೆ ಎಲ್ಲೆಡೆ ಒಳ್ಳೆಯ ಹೆಸರು, ಬಾಟಲಿಯನ್ನು ಹರಾಜಿನಲ್ಲಿ ಹೆಚ್ಚು ಹಣ ಕೊಟ್ಟು ಕೊಂಡಿದ್ದೆ. ನಾಲ್ಕನೆಯ ಚೀಲದಿಂದ ಸುರಿದು ಮೂಗಿನ ಹತ್ತಿರ ತಂದ ಕೂಡಲೇ ನಾನು ಕಾಗದದ ಮೇಲೆ ಬರೆದ ಮೊದಲ ಪದ ‘ಮೆಂತ್ಯ’. ಸಾರಿನ ಪುಡಿಗೆ ಮೆಂತ್ಯ ಹುರಿದು ಇಳಿಸಿದ ಬಾಣಲೆಯ ವಾಸನೆ ಅದು, ಅನುಮಾನಕ್ಕೆ ಎಡೆಯೇ ಇರಲಿಲ್ಲ. ಸಹೋದ್ಯೋಗಿಗಳು ಆಕ್ರೋಡು ಎಂದರು, ಒಬ್ಬರು ‘ಕರಿ’ ಮಸಾಲೆ ಪುಡಿ ಎಂದರು. ಮೂರೂ ಒಂದೇ ವಸ್ತುವಿನ ಹೆಸರು. ವೈನಿಗೆ ಆಮ್ಲಜನಕ ಮಿತಿಮೀರಿ ಸೇರಿದಾಗ ಉಂಟಾಗುವ ಸೊಟಲಾನ್ ಎಂಬ ಸಂಯುಕ್ತವೇ ಮೆಂತ್ಯದ ಘಮಕ್ಕೂ ಮೂಲ. ಬಿಳಿ ವೈನ್ ಅಕಾಲದಲ್ಲಿ ಮುದಿಯಾಗುವುದರಲ್ಲಿ ಅದರ ಪಾತ್ರವನ್ನು ಬೋರ್ಡೋ ವಿಶ್ವವಿದ್ಯಾಲಯದ ಸಂಶೋಧಕರು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಮಾಕೋನಿನಿಂದ ಪೂರ್ವಕ್ಕೆ ಸೋನ್ ನದಿಯ ಬಯಲನ್ನು ದಾಟಿದರೆ ಸಿಗುವ ಜುರಾ ಸೀಮೆಯಲ್ಲಿ ಇದೇ ವಾಸನೆಯನ್ನು ಬೇಕೆಂದೇ ಬೆಳೆಸಿ ಹಳದಿ ವೈನ್ ಮಾಡುತ್ತಾರೆ. ಅಲ್ಲಿ ಅದು ಗುಣ, ಇಲ್ಲಿ ದೋಷ. 1990ರ ದಶಕದ ಮಧ್ಯದ ಫಸಲುಗಳಿಂದ ಹಿಡಿದು ಬಿಳಿ ಬರ್ಗಂಡಿಯನ್ನು ಈ ಅಕಾಲ ಮುಪ್ಪು ಕಾಡುತ್ತ ಬಂದಿದೆ. ಬಿರಡೆಯ ಗುಣಮಟ್ಟ, ವೈನ್ ಕೆಡದಂತೆ ಸೇರಿಸುವ ಗಂಧಕದ ಪ್ರಮಾಣ ಇಳಿಸಿದ್ದು, ಹಣ್ಣನ್ನು ತೀರ ಮೃದುವಾಗಿ ಹಿಂಡುವುದು, ಪೀಪಾಯಿಯ ತಳದ ಈಸ್ಟ್ ಗಸಿಯನ್ನು ಅತಿಯಾಗಿ ಕಲಕುವುದು ಇವೆಲ್ಲವನ್ನೂ ಕಾರಣವಾಗಿ ಹೇಳುತ್ತಾರೆ. ಒಂದೇ ಪೆಟ್ಟಿಗೆಯ ಎರಡು ಬಾಟಲಿಗಳಲ್ಲಿ ಒಂದು ಕೆಟ್ಟು ಇನ್ನೊಂದು ಚೆನ್ನಾಗಿರುವುದುಂಟು. ಅದನ್ನು ನೋಡಿದರೆ ಬಿರಡೆಯ ಮೇಲೆಯೇ ನನ್ನ ಅನುಮಾನ ಹೆಚ್ಚು.

ನಾನು ಕೊಳ್ಳುವಾಗಲೇ ಆ ಬಾಟಲಿಯ ಕುತ್ತಿಗೆಯಲ್ಲಿ ವೈನ್ ಮಟ್ಟ ಎರಡು ಬೆರಳು ಕೆಳಗಿತ್ತು. ಮಾರಿದವರು ತಂಪಿನಲ್ಲೇ ಇಟ್ಟಿದ್ದೆವೆಂದಿದ್ದರು, ನಾನು ವರ್ಷದ ಹೆಸರಿಗೆ ಮರುಳಾಗಿ ಕಣ್ಣಿಗೆ ಕಂಡದ್ದನ್ನು ಬದಿಗಿಟ್ಟೆ. ಬೆಳೆಗಾರರ ನೆಲಮಾಳಿಗೆಯಿಂದಲೇ ತಂದ ಇನ್ನೊಂದು 2005 ಇತ್ತು, ಅದನ್ನು ತೆರೆದೆವು. ಅದರಲ್ಲಿ ಮೆಂತ್ಯವಿಲ್ಲ, ಜೇನುಮೇಣ, ಹುರಿದ ಗೋಡಂಬಿ, ಒಣಗಿದ ಕಿತ್ತಳೆ ಸಿಪ್ಪೆ. ಎರಡನೆಯ ಬಾಟಲಿ ಇಲ್ಲದಿದ್ದರೆ ‘2005 ಮುಗಿದ ವರ್ಷ’ ಎಂದು ಬರೆದು ಎದ್ದುಬಿಡುತ್ತಿದ್ದೆ. ಅಂದಿನಿಂದ, ಹತ್ತು ವರ್ಷ ದಾಟಿದ ಯಾವ ವೈನಿನ ವರ್ಷದ ಬಗ್ಗೆಯೂ ಒಂದೇ ಬಾಟಲಿ ಕುಡಿದು ನಾನು ಮಾತಾಡುವುದಿಲ್ಲ.

ಈಗ ಅಪ್ಪನ ಪ್ರಶ್ನೆಗೆ ತಾಗುವ ಭಾಗ. 2014ರ ಎರಡು ಗ್ಲಾಸುಗಳನ್ನು, ಹಳೆಯ ಬಳ್ಳಿಯದ್ದು ಮತ್ತು 1998ರ ಬಳ್ಳಿಯದ್ದು, ನಾವು ನಾಲ್ವರಲ್ಲಿ ಇಬ್ಬರು ಅದಲುಬದಲಾಗಿ ಗುರುತಿಸಿದೆವು. ತಪ್ಪಿದವರಲ್ಲಿ ನಾನೂ ಒಬ್ಬಳು. ವಾಸನೆಯಲ್ಲಿ ಎಳೆಯದೇ ಹೆಚ್ಚು ಗೆಲುವಾಗಿತ್ತು. ರುಚಿ ನಿಲ್ಲುವ ಹೊತ್ತಿನಲ್ಲಿ ನನಗೆ ಸಿಕ್ಕ ವ್ಯತ್ಯಾಸ ಎರಡು ಸೆಕೆಂಡು, ಅಷ್ಟಕ್ಕೆ ಅರ್ಥ ಹಚ್ಚಲು ನನಗೆ ಧೈರ್ಯವಿಲ್ಲ. ಆದರೆ 2015ರಲ್ಲಿ ಯಾರೂ ತಪ್ಪಲಿಲ್ಲ. ಬಿಸಿಲೂ ಬರವೂ ಸೇರಿದ ವರ್ಷ ಅದು. ಎಳೆಯ ಬಳ್ಳಿಯ ವೈನಿನಲ್ಲಿ ಮಾಗಿ ಕಳಿತ ಅನಾನಸ್, ಬಾಯಲ್ಲಿ ಆಲ್ಕೋಹಾಲಿನ ಬಿಸಿ, ನಾಲಗೆಯ ನಡುವಿಗೆ ಬರುವಷ್ಟರಲ್ಲಿ ರುಚಿ ಸಡಿಲ. ಐದಾರು ಸೆಕೆಂಡಿಗೆ ಮುಗಿಯುತ್ತದೆ. ಹಳೆಯದರಲ್ಲೂ ಅದೇ ಮಾಗಿದ ಹಣ್ಣಿದೆ, ಆದರೆ ಅದರಡಿಗೆ ಉಪ್ಪಿನಂಥ, ಕಲ್ಲಿನಂಥ ಒಂದು ಗಟ್ಟಿತನ. ಹನ್ನೊಂದು ಸೆಕೆಂಡು ಎಣಿಸಿದೆ. 2003ರ ಬಗ್ಗೆಯೂ ಇದೇ ಮಾತು. ಯುರೋಪ್ ಬಿಸಿಗಾಳಿಗೆ ಬೆಂದ ಆ ವರ್ಷ ಬರ್ಗಂಡಿಯಲ್ಲಿ ಕೊಯ್ಲು ಆಗಸ್ಟ್‌ನಲ್ಲೇ ನಡೆಯಿತು, ಹುಳಿ ಎಷ್ಟು ಕುಸಿಯಿತೆಂದರೆ ರಸಕ್ಕೆ ಆಮ್ಲ ಬೆರೆಸಲು ವಿಶೇಷ ಅನುಮತಿ ಕೊಡಬೇಕಾಯಿತು. ಇಪ್ಪತ್ತೊಂದು ವರ್ಷದ ನಂತರ ಅದು ಗಂಜಿಯಂತಾಗಿರುತ್ತದೆಂದು ನಾನು ಭಾವಿಸಿದ್ದೆ. ಬಣ್ಣ ಗಾಢ, ಹುಳಿ ಕಡಿಮೆ, ಜೇನು ಹೆಚ್ಚು, ಇದೆಲ್ಲ ನಿಜ. ಆದರೂ ಕೊನೆಯ ಆ ಸಣ್ಣ ಒಗರು, 2010ರಲ್ಲಿ ಕಂಡದ್ದೇ, ಅಲ್ಲಿಯೂ ಇತ್ತು. ಎಂಟೂ ವರ್ಷಗಳಿಗೆ ಸಮಾನವಾಗಿ ನಾನು ‘ಹೊಲದ ಗುಣ’ದ ಪಟ್ಟಿಯಲ್ಲಿ ಬರೆದದ್ದು ಅದೊಂದೇ.

ಇದು ಪೂರ್ತಿ ಶುದ್ಧವಾದ ಹೋಲಿಕೆ ಅಲ್ಲ. ಹಳೆಯ ಬಳ್ಳಿಯ ರಸ 228 ಲೀಟರಿನ ಓಕ್ ಪೀಪಾಯಿಗಳಿಗೆ ಹೋಗುತ್ತದೆ, ಅವುಗಳಲ್ಲಿ ಕೆಲವು ಹೊಸವು; ಎಳೆಯದು ಹಳೆಯ ಪೀಪಾಯಿಗಳಲ್ಲೇ ಉಳಿಯುತ್ತದೆ. ಮೇಲಿನ ತುಂಡಿನಲ್ಲಿ ಮಣ್ಣು ಕೆಳಗಿನದಕ್ಕಿಂತ ತೆಳು. ಒಗರಿನಲ್ಲಿ ಸ್ವಲ್ಪ ಮರದಿಂದ ಬಂದಿರಬಹುದು. ಹಾಗಾಗಿ ಮರುದಿನ ಸಂಜೆ, ಅರ್ಧ ಖಾಲಿಯಾದ ಬಾಟಲಿಗಳನ್ನು ಬಿರಡೆ ಹಾಕಿ ತಂಪಿನಲ್ಲಿಟ್ಟಿದ್ದನ್ನು ಮತ್ತೆ ಸುರಿದೆವು. 24 ಗಂಟೆ ಗಾಳಿ ಸೇರಿದ ಮೇಲೆ ಎಳೆಯ 2015 ಸೇಬು ಕತ್ತರಿಸಿಟ್ಟು ಕಂದಾದ ಹಾಗೆ ಕುಗ್ಗಿತ್ತು. ಹಳೆಯ 2015 ಮತ್ತು 2010 ಹಿಂದಿನ ದಿನಕ್ಕಿಂತ ಚೆನ್ನಾಗಿದ್ದವು. 2008 ಹಾಗೇ ಇತ್ತು. ಕೆಟ್ಟಿದ್ದ 2005 ಮೆಂತ್ಯವೊಂದೇ ಆಗಿತ್ತು.

ಬರ್ಗಂಡಿಯ ಬೋನ್ ಪಟ್ಟಣದಲ್ಲಿ 1354ರಿಂದ 2018ರವರೆಗಿನ ಕೊಯ್ಲಿನ ದಿನಾಂಕಗಳನ್ನು ಇತಿಹಾಸಕಾರರು ದಾಖಲೆಗಳಿಂದ ಜೋಡಿಸಿದ್ದಾರೆ. ಅದರ ಪ್ರಕಾರ 1988ರಿಂದ ಈಚೆಗೆ ಕೊಯ್ಲು ಹಿಂದಿನ ಸರಾಸರಿಗಿಂತ ಸುಮಾರು 13 ದಿನ ಮುಂಚೆ ಬರುತ್ತಿದೆ. 2003 ಮತ್ತು 2015ರಂಥ ವರ್ಷಗಳು ಇನ್ನು ಅಪರೂಪವಲ್ಲ. ಆದ್ದರಿಂದ ತಂಪು ವರ್ಷಗಳ ಜೋಡಿಯನ್ನು ಬಿಟ್ಟು, ಬಿಸಿ ವರ್ಷಗಳ ಜೋಡಿಯನ್ನೇ ಮುಂದಕ್ಕೆ ಹಿಡಿದು ನೋಡಬೇಕೆಂದು ಎರಡೂ ತುಂಡುಗಳ 2018, 2020 ಮತ್ತು 2022ನ್ನು ಮೂರು ಮೂರು ಬಾಟಲಿಯಂತೆ ಕೊಂಡು ಇಟ್ಟಿದ್ದೇನೆ. ಮುಂದಿನ ಸಲ ಎಳೆಯ ಬಳ್ಳಿಯ ಒಂದು ಪೀಪಾಯಿಯನ್ನಾದರೂ ಹಳೆಯದರಷ್ಟೇ ಹೊಸ ಮರದಲ್ಲಿ ಇಡಲು ಸಾಧ್ಯವೇ ಎಂದು ಬೆಳೆಗಾರರನ್ನು ಕೇಳಿದ್ದೇನೆ, ಅವರು ಒಪ್ಪಿದ್ದಾರೆ.

ಆ ವಾರದ ಭಾನುವಾರ ಅಪ್ಪನಿಗೆ ಫೋನ್ ಮಾಡಿ, ಮಳೆ ಸರಿಯಾದ ವರ್ಷದಲ್ಲಿ ಹೊಸ ಬಳ್ಳಿಯೂ ಅಷ್ಟೇ ಚೆನ್ನಾಗಿ ಕೊಡುತ್ತದೆ, ಮಳೆ ಕೈಕೊಟ್ಟ ವರ್ಷದಲ್ಲಿ ಹಳೆಯದು ತಡೆದುಕೊಳ್ಳುತ್ತದೆ, ನನ್ನ ನಾಲಗೆಗೆ ಗೊತ್ತಾದದ್ದು ಇಷ್ಟು ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇರು ಎಷ್ಟು ಆಳಕ್ಕೆ ಹೋಗಿದೆಯಂತೆ?” ಎಂದು ಕೇಳಿದರು. ಬರುವ ಫೆಬ್ರವರಿಯಲ್ಲಿ ಸತ್ತ ಬಳ್ಳಿಗಳನ್ನು ಕೀಳುವಾಗ ಕರೆಯುತ್ತೇನೆಂದು ಬೆಳೆಗಾರರು ಹೇಳಿದ್ದಾರೆ; ಅಳತೆ ಟೇಪು ತೆಗೆದುಕೊಂಡು ಹೋಗುತ್ತೇನೆ.